ಅಚ್ಚಾಗದ ಸಾಲು

ದೇವಕಮ್ಮ ಓದುವುದನ್ನು ನಡುವೆಯೇ ನಿಲ್ಲಿಸಿದಾಗ, ಅಕ್ಷರ ಅಳಿಸಿರಬೇಕು ಎಂದುಕೊಂಡರು ಕಟ್ಟೆಯ ಮೇಲೆ ಕೂತವರು. ಯಾದಗಿರಿಯಿಂದ ವಾರಕ್ಕೊಮ್ಮೆ ಹೊರಡುವ ‘ಹೊಸ ಹಗಲು’ ಪತ್ರಿಕೆಯ ಒಂದು ಪ್ರತಿಯನ್ನು ಶಹಾಪುರದ ಬಸ್ಸಿನವನು ಕಂಚಿನಾಳದ ಕ್ರಾಸಿನಲ್ಲಿ ಇಳಿಸಿ ಹೋಗುತ್ತಿದ್ದ. ಶುಕ್ರವಾರ ಮಧ್ಯಾಹ್ನ ಕೈಗೆ ಬಿಡುವಿದ್ದವರು ಶಾಲೆಯ ಮುಂದಿನ ಬೇವಿನ ಕಟ್ಟೆಗೆ ಬಂದು ಕೂತರೆ, ಖಂಡಪ್ಪ ಮಾಸ್ತರನ ಹೆಂಡತಿ ದೇವಕಮ್ಮ ಮೊದಲ ಪುಟದಿಂದ ಕೊನೆಯ ಪುಟದ ತಲೆನೋವಿನ ಎಣ್ಣೆಯ ಜಾಹೀರಾತಿನವರೆಗೆ ಒಂದೂ ಬಿಡದೆ ಓದುತ್ತಿದ್ದಳು. ಗುಡಿಯ ಕಟ್ಟೆಯ ಮೇಲೆ ಆಕೆಯ ಮಂದಿಗೆ ಜಾಗವಿರಲಿಲ್ಲ. ಶಾಲೆಯ ಕಟ್ಟೆ ಸರಕಾರದ್ದು. ಅಲ್ಲಿ ಯಾರೂ ಏನೂ ಅನ್ನುವಂತಿರಲಿಲ್ಲ. ಕೇಳಬೇಕೆನ್ನುವವರು ಅಲ್ಲಿಗೇ ಬರುತ್ತಿದ್ದರು.

"ಯಾಕ ನಿಂತಿ ಯವ್ವಾ? ಮುಂದ ಓದು," ಎಂದ ಕುರಿಗಾರ ಬಾಲಪ್ಪ.

"ನಮ್ಮೂರಿನ ಬಾತ್ಮಿ ಬಂದದ," ಎಂದಳು ದೇವಕಮ್ಮ. ಮನಸ್ಸಿನಲ್ಲೇ ಇನ್ನೊಮ್ಮೆ ಓದಿಕೊಂಡು, ಆಮೇಲೆ ದನಿ ಏರಿಸದೆ ಓದಿದಳು. "ಕಂಚಿನಾಳದ ಸರಕಾರಿ ದವಾಖಾನೆಯು ಉತ್ತಮ ರೀತಿಯಲ್ಲಿ ನಡೆಯುತ್ತಿದ್ದು, ಕಳೆದ ವರ್ಷ ನಾನೂರಾ ಹನ್ನೆರಡು ರೋಗಿಗಳು ಔಷಧೋಪಚಾರ ಪಡೆದಿರುತ್ತಾರೆ. ಇದಕ್ಕಾಗಿ ಗ್ರಾಮಸ್ಥರು ಸರಕಾರಕ್ಕೆ ಕೃತಜ್ಞತೆ ಸಲ್ಲಿಸಿರುತ್ತಾರೆ."

ಎಲ್ಲರ ಮುಖವೂ ಒಂದೇ ಕಡೆ ತಿರುಗಿತು. ದವಾಖಾನೆ ಅಲ್ಲಿಂದ ಕಾಣುತ್ತಿತ್ತು. ಬಾಗಿಲಿಗೆ ಹಾಕಿದ ಬೀಗ ತುಕ್ಕು ಹಿಡಿದು ಕೆಂಪಾಗಿತ್ತು. ಮೆಟ್ಟಿಲ ಮೇಲೆ ಬಾಲಪ್ಪನವೇ ನಾಲ್ಕು ಆಡು ನೆರಳಿಗೆ ಮಲಗಿ ಮೆಲುಕು ಹಾಕುತ್ತಿದ್ದವು. ಯಾರೋ ನಕ್ಕರು. "ನಿನ್ನ ಆಡೂ ಎಣಿಕಿಗೆ ಹಿಡದಾರ ನೋಡು ಬಾಲಪ್ಪ," ಎಂದರು. ಬಾಲಪ್ಪನೂ ನಗಲು ಹೋಗಿ, ಪಕ್ಕದಲ್ಲಿದ್ದ ಹೆಂಡತಿ ಮಲಕಮ್ಮನ ಮುಖ ನೋಡಿ ತಡೆದುಕೊಂಡ.

ಮಲಕಮ್ಮ ಉಣ್ಣೆ ನೂಲುತ್ತಿದ್ದ ಕೈಯನ್ನು ತೊಡೆಯ ಮೇಲೆ ಇಟ್ಟಿದ್ದಳು. ಹೋದ ಬೇಸಿಗೆಯಲ್ಲಿ ಬಾಣಂತನಕ್ಕೆಂದು ಬಂದ ಮಗಳು ರೇಣಮ್ಮನ ಕೂಸಿಗೆ ವಾಂತಿಭೇದಿ ಹತ್ತಿತ್ತು. ದವಾಖಾನೆಯ ಬಾಗಿಲು ಬಡಿದು ನೋಡಿ, ಬಂಡಿ ಕಟ್ಟಿಕೊಂಡು ಶಹಾಪುರಕ್ಕೆ ಹೊರಟಿದ್ದರು. ಶಹಾಪುರದ ಗುಡ್ಡ ಕಣ್ಣಿಗೆ ಬೀಳುವ ಹೊತ್ತಿಗೆ ಬಂಡಿ ತಿರುಗಿಸಬೇಕಾಗಿ ಬಂತು.

"ಆ ನಾನೂರಾ ಹನ್ನೆರಡರಾಗ ನಮ್ಮ ರೇಣಮ್ಮನ ಕೂಸೂ ಬಂತೇನು ಬೇ?" ಎಂದು ಕೇಳಿದಳು ಮಲಕಮ್ಮ. ಸಿಟ್ಟಿನಿಂದ ಕೇಳಿದ್ದಲ್ಲ. ಓದು ಬಲ್ಲವಳಿಗೆ ಗೊತ್ತಿದ್ದೀತು ಎಂದು ಕೇಳಿದ್ದು.

ದೇವಕಮ್ಮ ಪತ್ರಿಕೆ ಮಡಚಿದಳು.

ಆಕೆಗೆ ಅಚ್ಚಿನ ಅಕ್ಷರದ ಮೇಲೆ ದೊಡ್ಡ ಭರವಸೆಯಿತ್ತು. ಕೂಲಿಕಾರ ಮರಿಲಿಂಗಪ್ಪನ ಮಗಳಾಗಿ ಹುಟ್ಟಿ, ಯಾದಗಿರಿಯ ಹಾಸ್ಟೆಲಿನಲ್ಲಿದ್ದು ಏಳನೆಯ ಇಯತ್ತೆಯವರೆಗೆ ಓದಿದವಳು. ಹಿಂದಿನ ವರ್ಷ, ಕೈ ಮಾಡಿದರೂ ಕ್ರಾಸಿನಲ್ಲಿ ಬಸ್ಸು ನಿಲ್ಲುವುದಿಲ್ಲ ಎಂದು ನಾಲ್ಕು ಸಾಲು ಬರೆದು ‘ಹೊಸ ಹಗಲಿ’ಗೆ ಕಳಿಸಿದ್ದಳು. ‘ಕಂಚಿನಾಳದಿಂದ ಒಬ್ಬ ಓದುಗರು’ ಎಂದು ಅದು ಅಚ್ಚಾಗಿತ್ತು. ತಿಂಗಳೊಳಗೆ ಬಸ್ಸು ನಿಲ್ಲತೊಡಗಿತ್ತು. ಬರೆದದ್ದನ್ನು ಎಲ್ಲೋ ಯಾರೋ ಓದುತ್ತಾರೆ, ಓದಿದವರು ಎದ್ದು ಏನಾದರೂ ಮಾಡುತ್ತಾರೆ ಎಂಬುದು ಆಕೆಗೆ ಹೊಸದಾಗಿ ಸಿಕ್ಕ ನಂಬಿಕೆ. ಈಗ ಅದೇ ಪತ್ರಿಕೆಯಲ್ಲಿ ಇದು.

"ಬರೀಬೇಕು," ಎಂದಳು ಮನೆಗೆ ಬಂದು.

ಖಂಡಪ್ಪ ಮಕ್ಕಳ ಹಲಗೆ ತಿದ್ದುತ್ತಿದ್ದ. "ನಾ ಬರಿಯಾಂಗಿಲ್ಲ. ಸರಕಾರಿ ನೌಕರಿ. ನಿನಗ ಗೊತ್ತದ."

"ನಾ ಬರೀತೀನಿ. ನನಗೇನು ನೌಕರಿ ಅದ ಹೋಗ್ಲಿಕ್ಕ?"

ಅಲ್ಲೇ ಹೊಸ್ತಿಲ ಮೇಲೆ ಕೂತು ಎರಡು ಪುಟ ಬರೆದಳು. ದವಾಖಾನೆಗೆ ಬೀಗ ಬಿದ್ದು ಎರಡು ವರ್ಷವಾಯಿತೆಂದೂ, ಗ್ರಾಮಸ್ಥರು ಯಾರಿಗೂ ಕೃತಜ್ಞತೆ ಸಲ್ಲಿಸಿಲ್ಲವೆಂದೂ, ಕೂಸು ಹೋದ ಸಂಗತಿಯನ್ನೂ ಬರೆದಳು. ಬರೆಯುತ್ತ ಬರೆಯುತ್ತ ಸಿಟ್ಟು ಏರಿತು. ಕೊನೆಗೆ ಇನ್ನೊಂದು ಸಾಲು ಸೇರಿಸಿದಳು: ‘ಇಲ್ಲಿಗೆ ಬರಬೇಕಾದ ಔಷಧವನ್ನು ಇಲ್ಲಿನ ಕಂಪೌಂಡರ್ ಅಬ್ದುಲ್ ಕರೀಮ ಎಂಬವನು ಸುರಪುರದ ಬಜಾರಿನಲ್ಲಿ ಮಾರಿಕೊಂಡಿರುತ್ತಾನೆ.’

ಖಂಡಪ್ಪ ಓದಿ ಎರಡು ಕಡೆ ಒತ್ತಕ್ಷರ ತಿದ್ದಿದ. ಕೊನೆಯ ಸಾಲಿನ ಮೇಲೆ ಬೆರಳಿಟ್ಟ. "ಇದು ಬೇಕೇನು?"

"ಊರೆಲ್ಲ ಅಂತದ."

ಖಂಡಪ್ಪ ಮರುದಿನ ತಾನೇ ಕ್ರಾಸಿನವರೆಗೆ ನಡೆದುಹೋಗಿ ಬಸ್ಸಿನವನ ಕೈಗೆ ಲಕೋಟೆ ಕೊಟ್ಟು ಬಂದ.

ಮೂರು ಶುಕ್ರವಾರ ಹೋದವು. ಪತ್ರಿಕೆ ಬಂತು, ಕಾಗದ ಅಚ್ಚಾಗಲಿಲ್ಲ. ಕಟ್ಟೆಯ ಮೇಲಿನ ಮಂದಿ ಕೇಳುವುದನ್ನು ಬಿಟ್ಟರೂ ಮಲಕಮ್ಮ ಮಾತ್ರ ಪ್ರತಿ ಸಲ ಕೊನೆಯ ಪುಟದವರೆಗೆ ಕಾದು, "ಬಂದಿಲ್ಲೇನು?" ಎಂದು ಕೇಳಿ ಎದ್ದುಹೋಗುತ್ತಿದ್ದಳು. ನಾಲ್ಕನೆಯ ವಾರ ದೇವಕಮ್ಮ ಬಸ್ಸು ಹತ್ತಿದಳು. ಮಲಕಮ್ಮ ತಾನೂ ಬರುತ್ತೇನೆಂದಳು. ಇಬ್ಬರೂ ಶಹಾಪುರದಲ್ಲಿ ಬಸ್ಸು ಬದಲಿಸಿ, ಭೀಮೆ ದಾಟಿ, ಯಾದಗಿರಿ ಮುಟ್ಟಿದಾಗ ಹೊತ್ತು ನೆತ್ತಿಗೆ ಬಂದಿತ್ತು.

ಪ್ರೆಸ್ಸು ರೈಲ್ವೆ ಸ್ಟೇಶನ್ನಿನ ರಸ್ತೆಯಲ್ಲಿ, ಒಂದು ಹತ್ತಿ ಗೋದಾಮಿನ ಪಕ್ಕದ ಕೋಣೆ. ದೊಡ್ಡ ಕಚೇರಿಯನ್ನು ನೆನೆಸಿಕೊಂಡು ಬಂದಿದ್ದ ದೇವಕಮ್ಮನಿಗೆ ಬನಿಯನ್ನಿನ ಮೇಲಿದ್ದ ಒಬ್ಬನೇ ಮನುಷ್ಯ ಕಂಡ. ಮೊಣಕೈವರೆಗೆ ಮಸಿ. ಸಂಪಾದಕ ಬಸವಂತರಾಯನೇ ಅಕ್ಷರ ಜೋಡಿಸುತ್ತಿದ್ದ. ಯಾರೆಂದು ತಿಳಿದ ಕೂಡಲೆ ಅಂಗಿ ತೊಟ್ಟುಕೊಂಡು, ಇದ್ದ ಒಂದೇ ಬೆಂಚನ್ನು ಅವರ ಮುಂದೆ ಎಳೆದ.

"‘ಒಬ್ಬ ಓದುಗರು’ ಅಂತ ಇತ್ತು, ನೀವು ಹೆಣ್ಮಗಳು ಅಂತ ಗೊತ್ತಿರಲಿಲ್ರಿ. ಕಾಗದ ಮುಟ್ಟಿತ್ತು."

"ಮತ್ತ ಛಾಪ್ಸಲಿಲ್ಲ ಯಾಕ್ರಿ? ಸುಳ್ಳು ಛಾಪ್ಸೀರಿ, ಖರೇದ್ದು ಕಳಿಸಿದ್ರ ಇಟಗೊಂಡೀರಿ."

ಬಸವಂತರಾಯ ಡ್ರಾಯರಿನಿಂದ ಆಕೆಯ ಕಾಗದ ತೆಗೆದ. ನಾಲ್ಕು ಸಲವಾದರೂ ಬಿಚ್ಚಿ ಮಡಚಿದಂತಿತ್ತು. "ಆ ದವಾಖಾನಿ ಬಾತ್ಮಿ ಮೇಲಿನ ಕಚೇರಿಯಿಂದ ಬಂತ್ರಿ, ಟೈಪ್ ಮಾಡಿದ ಕಾಗದ, ಮೊಹರು ಇತ್ತು. ನಾ ನೋಡಲಿಲ್ಲ, ಕೇಳಲಿಲ್ಲ, ಜೋಡಿಸಿಬಿಟ್ಟೆ. ಅದು ನನ್ನ ತಪ್ಪು. ಇದನ್ನ ಛಾಪಿಸಬೇಕಂತ ಮೂರು ಸರ್ತಿ ಕೈಗೆ ತಗೊಂಡೆ. ಕಡೀ ಸಾಲಿಗೆ ಬಂದು ನಿಲ್ಲಾಕತ್ತೇನಿ." ಕಾಗದವನ್ನು ಆಕೆಯ ಕಡೆ ತಿರುಗಿಸಿದ. "ಔಷಧ ಮಾರಿದ್ದು ನೀವು ನೋಡೀರೇನ್ರಿ?"

"ಮಂದಿ ಅಂತಾರ್ರಿ."

"ಯಾರು?"

ದೇವಕಮ್ಮ ನೆನಪು ಮಾಡಿಕೊಂಡಳು. ಮಂದಿ ಎಂದರೆ ಯಾರು? ಬಾವಿಯ ಹತ್ತಿರ ನೆರೆಮನೆಯ ಬಾಲಮ್ಮ ಹೇಳಿದ್ದಳು. ಬಾಲಮ್ಮನಿಗೆ ಯಾರೋ ಸಂತೆಯಲ್ಲಿ ಹೇಳಿದ್ದರು. ಅದಕ್ಕೂ ಹಿಂದೆ ಹೋದರೆ ಯಾರೂ ಸಿಗಲಿಲ್ಲ.

"ಪೋಲೀಸ್ ಆಕ್ಷನ್ ಆಗಿ, ನಿಜಾಮನ ರಾಜ್ಯ ಹೋಗಿ ಐದು ವರ್ಷ ಆತ್ರಿ," ಎಂದ ಬಸವಂತರಾಯ ತಗ್ಗಿದ ದನಿಯಲ್ಲಿ. "ಆಗ ಇಂಥಾ ಒಂದೊಂದು ಮಾತಿಗೆ ಏನೇನಾತು ಅಂತ ನಾ ಇದೇ ಓಣ್ಯಾಗ ನೋಡೇನಿ. ಈ ಹೆಸರು ಹಾಕಿ ಈ ಸಾಲು ಛಾಪಿಸಿದ್ರ ಜನ ಸಾಕ್ಷಿ ಕೇಳಾಂಗಿಲ್ಲ. ನಂಬಿಬಿಡ್ತಾರ."

ದೇವಕಮ್ಮ ಕಾಗದವನ್ನು ಹತ್ತಿರ ಎಳೆದುಕೊಂಡು ನೋಡಿದಳು. ಅಕ್ಷರ ದುಂಡಗಿದ್ದವು. ಎಲ್ಲಿಯೂ ಕೈ ನಡುಗಿರಲಿಲ್ಲ. ಅದೇ ಆಕೆಗೆ ಹೆಚ್ಚು ನಾಚಿಕೆ ತಂದಿತು.

"ನಿಮಗ ಸರಕಾರ ಹೇಳ್ತು, ನೀವು ಛಾಪ್ಸಿದ್ರಿ. ನನಗ ಮಂದಿ ಹೇಳಿದ್ರು, ನಾ ಬರದೆ," ಎಂದಳು ಕೊನೆಗೆ. "ಎರಡೂ ಒಂದಽ ಆತು."

"ಸಾಲು ತಗದು ಉಳಿದದ್ದು ಛಾಪಿಸ್ತೀನ್ರಿ. ಈ ವಾರನಽ."

"ತಡೀರಿ. ಆ ಮನುಷ್ಯನ್ನ ಕೇಳಿ ಬರ್ತೀನಿ," ಎಂದು ದೇವಕಮ್ಮ ಕಾಗದವನ್ನು ಚೀಲಕ್ಕೆ ಹಾಕಿಕೊಂಡಳು.

ಎರಡು ದಿನ ಬಿಟ್ಟು ಖಂಡಪ್ಪನ ಜೊತೆ ಸುರಪುರಕ್ಕೆ ಹೋದಳು. ಗುಡ್ಡದ ಕೆಳಗಿನ ಇಕ್ಕಟ್ಟಾದ ಓಣಿಯಲ್ಲಿ ಕೇಳುತ್ತ ಕೇಳುತ್ತ ಮನೆ ಸಿಕ್ಕಿತು. ಬಾಗಿಲ ಪರದೆಯ ಹಿಂದಿನಿಂದ ಒಬ್ಬ ಹೆಂಗಸು ಯಾರೆಂದು ಕೇಳಿದಳು. ಕಂಚಿನಾಳದವರು ಎಂದ ಕೂಡಲೆ ಒಳಗೆ ಮಾತು ನಿಂತಿತು. ಆಮೇಲೆ ಪರದೆ ಸರಿಯಿತು. ಅಬ್ದುಲ್ ಕರೀಮನ ಹೆಂಡತಿ ಖುರ್ಷೀದಬೇಗಂ ಚಾಪೆ ಹಾಸಿದಳು. ಅಬ್ದುಲ್ ಕರೀಮ ಒಳಗಿನಿಂದ ಬಂದ. ಐವತ್ತು ದಾಟಿದ ಬಡಕಲು ಮನುಷ್ಯ, ಗಡ್ಡ ಪೂರಾ ಬೆಳ್ಳಗಾಗಿತ್ತು. ಖಂಡಪ್ಪನನ್ನು ಗುರುತು ಹಿಡಿದು, "ಬರ್ರಿ ಮಾಸ್ತರ, ಊರೆಲ್ಲ ಖೈರಿಯತ್ತೇನು?" ಎಂದ.

ದೇವಕಮ್ಮ ಪತ್ರಿಕೆ ತೆಗೆದು ಆ ಸುದ್ದಿ ಓದಿ ಹೇಳಿದಳು. ನಾನೂರಾ ಹನ್ನೆರಡು ಎಂಬಲ್ಲಿಗೆ ಬಂದಾಗ ಅವನು ಕೈ ಎತ್ತಿ ತಡೆದ.

"ಆ ಅಂಕಿ ನಂದಽ. ನಾ ಬರದದ್ದು. ಆದ್ರ ಕಳೆದ ವರ್ಷದ್ದಲ್ಲ. ಪೋಲೀಸ್ ಆಕ್ಷನ್‌ಕಿಂತ ಹಿಂದಿನ ವರ್ಷದ್ದು. ನನ್ನ ಕಡೀ ಪೂರಾ ರಜಿಸ್ಟರಿನ್ಯಾಗ ಇತ್ತು. ಯಾರೋ ಅದನ್ನಽ ವರ್ಷ ವರ್ಷ ನಕಲು ಮಾಡಿ ಕಳಿಸ್ಯಾರ."

ಗೋಡೆಯ ಬದಿಯ ತಗಡಿನ ಪೆಟ್ಟಿಗೆ ತೆರೆದು ಒಂದು ಕಟ್ಟು ಕಾಗದ ತಂದ. ತಾನು ಕಳಿಸಿದ ಕಾಗದಗಳ ನಕಲು, ಎಲ್ಲವೂ ಉರ್ದು. ಪ್ರತಿಯೊಂದರ ಮೂಲೆಯಲ್ಲೂ ಮುಟ್ಟಿದ್ದಕ್ಕೆ ಮೇಲಿನ ಕಚೇರಿಯ ಮೊಹರು, ತಾರೀಖು. ಔಷಧ ಮುಗಿದಿದೆ, ಕಳಿಸಬೇಕು. ಔಷಧ ಬಂದಿಲ್ಲ, ದಯಮಾಡಿ ಕಳಿಸಬೇಕು. ಹೊಲಿಗೆ ದಾರ ಇಲ್ಲ, ಅಯೋಡಿನ್ ಇಲ್ಲ. ಹೀಗೆ ಹನ್ನೊಂದು ಕಾಗದ. "ಹೊಸ ಸಾಹೇಬರಿಗೆ ಉರ್ದು ಬರಾಂಗಿಲ್ಲ. ಬಲ್ಲ ಕ್ಲಾರ್ಕ್ ಪೆನ್ಶನ್ ಆಗಿ ಹೋದ. ಕಾಗದ ಮುಟ್ಟತಾವ, ಮೊಹರು ಬೀಳತದ, ಓದಾವರಿಲ್ಲ. ನನಗ ಕನ್ನಡ ಮಾತಾಡ್ಲಿಕ್ಕ ಬರ್ತದ, ಬರೀಲಿಕ್ಕ ಬರಾಂಗಿಲ್ಲ." ಕಟ್ಟನ್ನು ಮೊಣಕಾಲ ಮೇಲೆ ಇಟ್ಟುಕೊಂಡ. "ಕಡೀಕ ಇಲ್ಲಿ ದವಾಖಾನ್ಯಾಗ ಕೂಡು ಅಂತ ಹುಕುಂ ಬಂತು. ಕೂತೆ. ಆದ್ರೂ ವಾರಕ್ಕ ಒಂದು ದಿನ ನಾ ನಿಮ್ಮೂರಿಗೆ ಬರಬೇಕಿತ್ತು. ಬರಲಿಲ್ಲ. ಖಾಲಿ ಕೈಲೆ ಬಂದು ಏನು ಮುಖ ತೋರಿಸಲಿ ಅಂತ. ಅಂಜಿಕೀನೂ ಇತ್ತು. ಅದು ನನ್ನ ಗುನಾಹ. ಅದನ್ನೂ ಬರಕೊಳ್ರಿ."

ಇಷ್ಟಾದ ಮೇಲೆ ದೇವಕಮ್ಮ ಹಾಗೇ ಎದ್ದು ಬರಬಹುದಿತ್ತು. ಅಚ್ಚಾಗದ ಸಾಲಿನ ಸಂಗತಿ ಅವನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಖಂಡಪ್ಪ ಕೂಡ ಬೇಡ ಎಂಬಂತೆ ಅವಳತ್ತ ನೋಡಿದ. ಆಕೆ ಚೀಲದಿಂದ ತನ್ನ ಕಾಗದ ತೆಗೆದಳು.

"ಇದು ನಾ ಬರದದ್ರಿ," ಎಂದು ಆ ಸಾಲನ್ನು ಓದಿದಳು. ತಪ್ಪಿಲ್ಲದೆ, ಒಂದಕ್ಷರವೂ ನುಂಗದೆ.

ಅಬ್ದುಲ್ ಕರೀಮ ನೆಲ ನೋಡುತ್ತಿದ್ದ. ಖುರ್ಷೀದಬೇಗಂ ಚಹಾದ ಕಪ್ಪು ಹಿಡಿದು ಬಾಗಿಲಿಗೆ ಬಂದಿದ್ದಳು.

"ಇದು ಛಾಪ ಆಗ್ಯಾದೇನು?" ಎಂದು ಕೇಳಿದವಳು ಅವಳೇ.

"ಇಲ್ರಿ. ಸಂಪಾದಕರು ತಡದಾರ. ನಾನು... ನಾ ಕೇಳದಽ ಬರದಿದ್ದೆ. ತಪ್ಪಾಯ್ತು."

ಖುರ್ಷೀದಬೇಗಂ ಒಂದು ಉಸಿರು ಬಿಟ್ಟು ಕೆಳಗೆ ಕೂತಳು. ಕಪ್ಪನ್ನು ದೇವಕಮ್ಮನ ಕೈಗೇ ಕೊಟ್ಟಳು. "ಪೋಲೀಸ್ ಆಕ್ಷನ್ ಗದ್ದಲದಾಗ ನಮ್ಮ ಮೈದುನನ ಹೆಸರು ಯಾರೋ ಹಿಂಗಽ ಹೇಳಿದ್ರು," ಎಂದಳು. "ಯಾರೂ ಬಂದು ಕೇಳಲಿಲ್ಲ. ನೀ ಬಂದಿ."

ಅಬ್ದುಲ್ ಕರೀಮ ಕನ್ನಡಕ ಹುಡುಕಿ ಹಾಕಿಕೊಂಡ. "ನಾ ಓದ್ತೀನಿ," ಎಂದ. "ನೀ ಕನ್ನಡದಾಗ ಬರಕೊ."

ಸಂಜೆಯ ಬಸ್ಸಿನ ಹೊತ್ತಿನವರೆಗೆ ಅದೇ ನಡೆಯಿತು. ಅವನು ಒಂದು ವಾಕ್ಯ ಉರ್ದುವಿನಲ್ಲಿ ಓದುತ್ತಿದ್ದ, ಆಮೇಲೆ ತನ್ನ ಕನ್ನಡದಲ್ಲಿ ಹೇಳುತ್ತಿದ್ದ. ದೇವಕಮ್ಮ ಪುಸ್ತಕದ ಕನ್ನಡಕ್ಕೆ ತಿರುಗಿಸಿ ಬರೆದುಕೊಳ್ಳುತ್ತಿದ್ದಳು. ಅಡ್ಡಬಂದ ಶಬ್ದಕ್ಕೆ ಖಂಡಪ್ಪ ನಡುವೆ ಸೇರುತ್ತಿದ್ದ. ‘ಅರ್ಜ್’ ಎಂಬುದಕ್ಕೆ ವಿನಂತಿ ಬರೆಯಬೇಕೋ ಅರಿಕೆ ಬರೆಯಬೇಕೋ ಎಂದು ಮೂವರೂ ಬಹಳ ಹೊತ್ತು ಮಾತಾಡಿದರು. ಅರಿಕೆ ಎಂದೇ ಆಯಿತು.

ಮುಂದಿನ ವಾರದ ‘ಹೊಸ ಹಗಲಿ’ನಲ್ಲಿ ಹನ್ನೊಂದು ಕಾಗದವೂ ತಾರೀಖಿನ ಸಮೇತ ಬಂದವು. ದೇವಕಮ್ಮನ ಪತ್ರ ಪಕ್ಕದಲ್ಲೇ ಇತ್ತು, ಕೊನೆಯ ಸಾಲಿಲ್ಲದೆ, ಆಕೆಯ ಹೆಸರಿನಲ್ಲಿ. ಎಲ್ಲಕ್ಕಿಂತ ಮೇಲೆ, ಸುಳ್ಳು ಸುದ್ದಿ ಬಂದಿದ್ದ ಜಾಗದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ ಬಸವಂತರಾಯ ಬರೆದಿದ್ದ: ‘ಕಂಚಿನಾಳದ ದವಾಖಾನೆಯ ಬಗ್ಗೆ ನಾವು ಅಚ್ಚು ಮಾಡಿದ್ದು ನಿಜವಲ್ಲ. ನಾವು ಹೋಗಿ ನೋಡಿರಲಿಲ್ಲ. ಓದುಗರ ಕ್ಷಮೆ ಕೇಳುತ್ತೇವೆ.’ ಕಟ್ಟೆಯ ಮೇಲೆ ಆ ದಿನ ಜಾಗ ಸಾಲಲಿಲ್ಲ. ಪತ್ರಿಕೆಯವರು ಕ್ಷಮೆ ಕೇಳುವುದುಂಟೇ ಎಂದು ಬಾಲಪ್ಪ ಅದನ್ನು ಮೂರು ಸಲ ಓದಿಸಿದ.

ಅದರ ಬಿಸಿ ಮೊದಲು ತಾಕಿದ್ದು ಖಂಡಪ್ಪನಿಗೆ. ಹೆಂಡತಿಯ ಹೆಸರಿನಲ್ಲಿ ಸರಕಾರದ ವಿರುದ್ಧ ಬರೆದದ್ದಕ್ಕೆ ನಿನ್ನ ಮೇಲೆ ಯಾಕೆ ಕ್ರಮ ತಗೊಳ್ಳಬಾರದು ಎಂದು ಮೇಲಿನಿಂದ ಕಾಗದ ಬಂತು. ಖಂಡಪ್ಪ ಎರಡು ದಿನ ಅದನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದ. ಮೂರನೆಯ ದಿನ ಕೂತು ಉತ್ತರ ಬರೆದ. ‘ನನ್ನ ಹೆಂಡತಿಗೆ ಓದುಬರಹ ಬರುವುದಕ್ಕೆ ನಾನು ಜವಾಬ್ದಾರನಲ್ಲ. ಮದುವೆಗೆ ಮೊದಲೇ ಆಕೆ ಕಲಿತಿದ್ದಳು. ಬರೆದದ್ದರಲ್ಲಿ ಸುಳ್ಳಿದ್ದರೆ ತಿಳಿಸಬೇಕಾಗಿ ವಿನಂತಿ.’ ದೇವಕಮ್ಮ ಓದಿದಳು, ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಕಣ್ಣು ಒರೆಸಿಕೊಂಡಳು. ಆ ಕಾಗದಕ್ಕೆ ಮರುಉತ್ತರ ಬರಲಿಲ್ಲ.

ಉತ್ತರದ ಬದಲು ಗುಲಬರ್ಗಾದಿಂದ ಒಂದು ಜೀಪು ಬಂತು. ಮದ್ರಾಸಿನ ಕಡೆಯ ಅಧಿಕಾರಿ, ಜೊತೆಗೆ ಕನ್ನಡ ಬಲ್ಲ ಗುಮಾಸ್ತ. ಅಧಿಕಾರಿ ಬೀಗ ಮುಟ್ಟಿ ನೋಡಿದರು. ಬೆರಳಿಗೆ ತುಕ್ಕು ಹತ್ತಿತು. ಶಾಲೆಯ ಕಟ್ಟೆಗೆ ಬಂದು ಬರೆದವರು ಯಾರು ಎಂದರು. ದೇವಕಮ್ಮ ಎದ್ದು ನಿಂತಳು. ಅವಳು ಒಬ್ಬಳೇ ನಿಲ್ಲುವುದು ಬೇಡವೆಂದೋ ಏನೋ ಮಲಕಮ್ಮನೂ ಎದ್ದಳು. ಬೇಸಿಗೆಯಲ್ಲಿ ಬಂಡಿ ಕಟ್ಟಿದ್ದನ್ನೂ, ಎಲ್ಲಿಂದ ತಿರುಗಿಸಿದರು ಎಂಬುದನ್ನೂ ತಾನೇ ಹೇಳಿದಳು. ಗುಮಾಸ್ತ ಒಂದೊಂದೇ ಮಾತು ಇಂಗ್ಲಿಷಿನಲ್ಲಿ ಹೇಳುತ್ತ ಹೋದ. ಅಧಿಕಾರಿ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಹೊರಡುವಾಗ ಏನೋ ಹೇಳಿದರು.

"ಸಾಹೇಬರ ಕಪಾಟಿನ್ಯಾಗ ಉರ್ದು ಕಾಗದ ಮೂರು ಗಂಟು ಬಿದ್ದಾವಂತ," ಎಂದ ಗುಮಾಸ್ತ. "ನಾಳೆಯಿಂದ ಓದಸ್ತೀನಿ ಅಂತಾರ. ನಿಮ್ಮೊಂದು ಊರಿನವಷ್ಟಽ ಅಲ್ಲ."

ತಿಂಗಳ ನಂತರ ಔಷಧದ ಪೆಟ್ಟಿಗೆ ಬಂದವು. ವಾರಕ್ಕೆ ಮೂರು ದಿನ ಅಬ್ದುಲ್ ಕರೀಮ ಕಂಚಿನಾಳಕ್ಕೆ ಬರಬೇಕೆಂದು ಹುಕುಮೂ ಆಯಿತು. ಅವನು ಬರುವ ದಿನ ಬೆಳಿಗ್ಗೆ ದೇವಕಮ್ಮ ಬಸವಂತರಾಯನಿಗೆ ಒಂದು ಕಾರ್ಡು ಬರೆದಳು. ಊರಿಗೆ ದವಾಖಾನೆ ಬಂತು, ತಮ್ಮ ಪತ್ರಿಕೆಗೆ ಊರವರೆಲ್ಲ ಋಣಿಗಳು ಎಂದು ಮೊದಲು ಬರೆದಳು. ಓದಿ ನೋಡಿದರೆ ಅದು ಯಾರು ಬೇಕಾದರೂ ಬರೆಯುವ ಮಾತು ಅನ್ನಿಸಿತು. ಕೆಳಗೆ ಉಳಿದಿದ್ದ ಜಾಗದಲ್ಲಿ, ‘ನೀವು ಆ ಸಾಲನ್ನು ಅಚ್ಚು ಮಾಡದೆ ಬಿಟ್ಟದ್ದಕ್ಕೆ ನಾನು ನಿಮ್ಮನ್ನು ಬದುಕಿರುವ ತನಕ ನೆನೆಯುತ್ತೇನೆ’ ಎಂದು ಬರೆದು ಸಹಿ ಮಾಡಿದಳು.

ಅಬ್ದುಲ್ ಕರೀಮ ಒಂಬತ್ತರ ಬಸ್ಸಿಗೆ ಇಳಿದ. ಕ್ರಾಸಿನಿಂದ ಊರವರೆಗೆ ತಲೆ ತಗ್ಗಿಸಿಕೊಂಡೇ ನಡೆದುಬಂದ. ಬೀಗ ತೆಗೆಯಲು ಎಣ್ಣೆ ಬಿಟ್ಟು, ಕಲ್ಲಿನಿಂದ ಬಡಿಯಬೇಕಾಯಿತು. ಒಳಗೆ ಧೂಳು, ಇಲಿ ಕಡಿದ ಹತ್ತಿ, ಕಪಾಟಿನ ತುಂಬ ಹಳೆಯ ಖಾಲಿ ಬಾಟಲಿ. ಅವನು ಅಂಗಿಯ ತೋಳು ಮಡಚಿ ಬಾಟಲಿಗಳನ್ನು ಒಂದೊಂದಾಗಿ ತಂದು ಮೆಟ್ಟಿಲ ಮೇಲೆ ಇಟ್ಟು, ನೀರಿಗೆ ಎಲ್ಲಿ ಹೋಗಲಿ ಎಂದು ಸುತ್ತ ನೋಡಿದ.

ಮಲಕಮ್ಮ ಬಾವಿಯ ಕಡೆಯಿಂದ ಕೊಡ ಹೊತ್ತು ಬಂದಳು. ಮೆಟ್ಟಿಲ ಕೆಳಗೆ ಕೂತು, ಕೊಡ ಬಗ್ಗಿಸಿ, ಅವನ ಕೈ ಮೇಲೆ ನೀರು ಬಿಡತೊಡಗಿದಳು. ಅವನು ಬಾಟಲಿ ತಿಕ್ಕಿ ತೊಳೆದ. ತೊಳೆದದ್ದನ್ನು ದೇವಕಮ್ಮ ಇಸಿದುಕೊಂಡು ಬಿಸಿಲಿಗೆ ಕಾದ ಹಾಸುಗಲ್ಲಿನ ಮೇಲೆ ಬಾಯಿ ಕೆಳಗೆ ಮಾಡಿ ಸಾಲಾಗಿ ಇಡುತ್ತ ಹೋದಳು. ಗಾಜಿನಿಂದ ಇಳಿದ ನೀರು ಕಲ್ಲಿನ ಮೇಲೆ ಒಂದು ಗಳಿಗೆ ಹೊಳೆದು ಆರುತ್ತಿತ್ತು.